ಒಂದೇ ಬಟ್ಟಲಿನ ಚಹಾ: ಉಪಾಸಕ ಸೆನ್ ನೊ ರಿಕ್ಯು



ಧಮ್ಮ ಬಂಧುಗಳೇ, ಮಾಚಾ ಎಂಬ ಹಸಿರು ಚಹಾಪುಡಿಯ ಹೆಸರನ್ನು ಈಚೆಗೆ ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. ಸಣ್ಣ ಡಬ್ಬಿ, ದೊಡ್ಡ ಬೆಲೆ. ಕಾಲೇಜಿಗೆ ಹೋಗುವ ಮಕ್ಕಳು ಅದಕ್ಕೆ ಹಾಲು, ಐಸು, ಸಕ್ಕರೆ ಹಾಕಿಸಿಕೊಂಡು ಕುಡಿದು ಸ್ಟೇಟಸ್ಸಿಗೆ ಫೋಟೊ ಹಾಕುತ್ತಾರೆ. ಕುಡಿಯಲಿ, ತಪ್ಪೇನಿಲ್ಲ. ಆದರೆ ಈ ಪುಡಿಯನ್ನು ಕುಡಿಯುವ ಪದ್ಧತಿ ಜಪಾನಿನಲ್ಲಿ ಬೇರೂರಿದ್ದು ಬೌದ್ಧ ಭಿಕ್ಷುಗಳಿಂದ. ಅದಕ್ಕೆ ಒಂದು ರೀತಿ ನೀತಿ ಕಟ್ಟಿಕೊಟ್ಟು, ಕೊನೆಗೆ ಒಬ್ಬ ದೊರೆಯ ಸಿಟ್ಟಿಗೆ ಪ್ರಾಣ ತೆತ್ತವರು ಒಬ್ಬ ಮೀನು ವ್ಯಾಪಾರಿಯ ಮಗ. ಅವರ ಹೆಸರು ಸೆನ್ ನೊ ರಿಕ್ಯು. ಇವತ್ತಿನ ಚಿಂತನೆ ಅವರ ಬದುಕಿನ ಬಗ್ಗೆ. ಎಂದಿಗಿಂತ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಮೊದಲು ಚಹಾದ ಮಾತು. ನಾವು ಚಹಾ ಎನ್ನುತ್ತೇವೆ, ಬೆಳಗಾವಿ ಧಾರವಾಡದ ಕಡೆ ಚಾ ಎಂದೇ ಅನ್ನುತ್ತಾರೆ, ಜಪಾನಿನವರೂ ಚಾ ಎನ್ನುತ್ತಾರೆ. ಎಲ್ಲದರ ಬೇರು ಚೀನಾದ ಒಂದೇ ಪದ. ಇನ್ನೊಂದು ಪದ ಇತ್ತಲಿಂದ ಅತ್ತ ಹೋಯಿತು. ಪಾಳಿಯ ಝಾನ, ಸಂಸ್ಕೃತದ ಧ್ಯಾನ, ಚೀನಾದಲ್ಲಿ ಚಾನ್ ಆಗಿ ಜಪಾನಿನಲ್ಲಿ ಝೆನ್ ಆಯಿತು. ಚಾನ್ ವಿಹಾರಗಳಲ್ಲಿ ಗಂಟೆಗಟ್ಟಲೆ ಕೂರುವ ಭಿಕ್ಷುಗಳು ತೂಕಡಿಕೆ ಬಾರದಿರಲಿ ಎಂದು ಚಹಾ ಕುಡಿಯುತ್ತಿದ್ದರು. ಆಗ, ಅಂದರೆ ಸುಂಗ್ ಅರಸರ ಕಾಲದಲ್ಲಿ, ಎಲೆಯನ್ನು ನೀರಿನಲ್ಲಿ ಕುದಿಸಿ ಸೋಸುವ ಪದ್ಧತಿಗಿಂತ, ಒಣಗಿದ ಎಲೆಯನ್ನು ನುಣ್ಣಗೆ ಪುಡಿ ಮಾಡಿ ಬಟ್ಟಲಿಗೆ ಹಾಕಿ, ಬಿಸಿನೀರು ಸುರಿದು ಕಡೆದು, ಪುಡಿಯ ಸಮೇತ ಕುಡಿಯುವುದೇ ಹೆಚ್ಚು. ಚೀನಾದಲ್ಲಿ ಈ ಪದ್ಧತಿ ಮುಂದೆ ಬಿಟ್ಟುಹೋಯಿತು. ಜಪಾನಿನಲ್ಲಿ ಉಳಿಯಿತು.

ಉಳಿಸಿದವರಲ್ಲಿ ಮೊದಲ ಹೆಸರು ಎಯ್ಸಾಯ್ ಎಂಬ ಭಿಕ್ಷುವಿನದು. 1191ರಲ್ಲಿ ಚೀನಾದಿಂದ ಮರಳುವಾಗ ಝೆನ್ ಬೋಧನೆಯ ಜೊತೆಗೆ ಚಹಾದ ಬೀಜವನ್ನೂ ತಂದರೆಂದು ಹೇಳುತ್ತಾರೆ. ಚಹಾದಿಂದ ಆರೋಗ್ಯಕ್ಕೆ ಆಗುವ ಒಳಿತನ್ನು ಕುರಿತು 1211ರಲ್ಲಿ ಒಂದು ಪುಸ್ತಕವನ್ನೇ ಬರೆದರು. 1214ರಲ್ಲಿ ಸನೆತೊಮೊ ಎಂಬ ಶೋಗನ್, ಅಂದರೆ ಸೇನಾಧಿಪತಿ ದೊರೆ, ಹಿಂದಿನ ರಾತ್ರಿಯ ಕುಡಿತದಿಂದ ತಲೆ ಎತ್ತಲಾರದೆ ಮಲಗಿದ್ದಾಗ ಎಯ್ಸಾಯ್ ಅವನಿಗೆ ಒಂದು ಬಟ್ಟಲು ಚಹಾ ಕೊಟ್ಟರು, ಜೊತೆಗೆ ತಮ್ಮ ಪುಸ್ತಕವನ್ನೂ ಕೊಟ್ಟರು. ಐದನೆಯ ಶೀಲವನ್ನು ಇಷ್ಟು ಉಪಾಯವಾಗಿ ಪಾಠ ಮಾಡಿದ ಮೇಷ್ಟ್ರು ಅಪರೂಪ.

ಧ್ಯಾನದಲ್ಲಿ ನಿದ್ದೆ ಬಂತೆಂದು ಬೋಧಿಧರ್ಮರು ತಮ್ಮ ರೆಪ್ಪೆಗಳನ್ನೇ ಕತ್ತರಿಸಿ ಎಸೆದರು, ಬಿದ್ದ ಜಾಗದಲ್ಲಿ ಚಹಾ ಗಿಡ ಹುಟ್ಟಿತು ಎಂಬ ಕಥೆಯೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ಬಾಬಾಸಾಹೇಬರು ನಮಗೆ ಕಲಿಸಿದ್ದು ಇಂಥದ್ದನ್ನು ವಿಚಾರದ ಜರಡಿಗೆ ಹಾಕುವುದನ್ನು. ಅದನ್ನು ಕಥೆಯೆಂದು ಕೇಳಿ ಬದಿಗಿಡೋಣ.

ಈಗ ರಿಕ್ಯು. ಅವರು 1522ರಲ್ಲಿ ಒಸಾಕಾದ ಪಕ್ಕದ ಸಕಾಯ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದರು. ಚಿಕ್ಕಂದಿನ ಹೆಸರು ಯೊಶಿರೊ. ತಂದೆಯದು ಮೀನಿನ ಸಗಟು ವ್ಯಾಪಾರ, ಬಂದರಿನಲ್ಲಿ ಗೋದಾಮು. ಬಡತನವೇನೂ ಇರಲಿಲ್ಲ. ಸಕಾಯ್ ಆಗ ಜಪಾನಿನಲ್ಲೇ ವಿಶೇಷವಾದ ಊರು. ಸುತ್ತ ಕಂದಕ ತೋಡಿಕೊಂಡು, ವ್ಯಾಪಾರಿಗಳೇ ಒಂದು ಮಂಡಳಿ ಮಾಡಿಕೊಂಡು ಊರನ್ನು ಆಳುತ್ತಿದ್ದರು. ಚೀನಾದ ಜೊತೆ ಹಡಗಿನ ವ್ಯಾಪಾರ, ಮುಂದೆ ಬಂದೂಕಿನ ತಯಾರಿಕೆ, ಕೈತುಂಬ ಹಣ. ಆದರೆ ಊರಾಚೆ ಕಾಲಿಟ್ಟರೆ ಸೊಂಟಕ್ಕೆ ಕತ್ತಿ ಕಟ್ಟಿದ ಸಮುರಾಯಿಯ ಮುಂದೆ ವ್ಯಾಪಾರಿ ಕೈಕಟ್ಟಿ ನಿಲ್ಲಬೇಕು. ಹಣ ಇತ್ತು, ಅಂತಸ್ತು ಇರಲಿಲ್ಲ.

ಆ ಕಾಲದ ಸಿರಿವಂತರಲ್ಲಿ ಚಹಾ ಎಂದರೆ ಪ್ರದರ್ಶನ. ಚೀನಾದಿಂದ ತರಿಸಿದ ಬಟ್ಟಲು, ಚೀನಾದ ಚಿತ್ರಪಟ, ಚೀನಾದ ಭರಣಿ. ಒಂದು ಸಣ್ಣ ಚಹಾ ಭರಣಿಗೆ ಒಂದು ಕೋಟೆಯಷ್ಟು ಬೆಲೆ ಕಟ್ಟುತ್ತಿದ್ದರು. ಹಾಗಲ್ಲ, ಸಾಮಾನ್ಯ ಮಣ್ಣಿನ ಪಾತ್ರೆಯಲ್ಲೂ ಸಣ್ಣ ಕೋಣೆಯಲ್ಲೂ ಚಹಾ ಆಗುತ್ತದೆ ಎಂದು ಮೊದಲು ತೋರಿಸಿದವರು ಮುರಾತ ಜುಕೊ. ಅವರು ಎಳೆಯ ವಯಸ್ಸಿನಲ್ಲಿ ಭಿಕ್ಷುವಾಗಿದ್ದವರು, ರಿಕ್ಯು ಹುಟ್ಟುವ 20 ವರ್ಷ ಮೊದಲೇ ತೀರಿಕೊಂಡಿದ್ದರು. ಆ ದಾರಿಯಲ್ಲಿ ನಡೆದ ತಕೆನೊ ಜೋ-ಒ ಎಂಬವರು ಸಕಾಯಿಯಲ್ಲೇ ಇದ್ದರು. ರಿಕ್ಯು ಅವರ ಶಿಷ್ಯರಾದರು.

ಈ ಜೋ-ಒ ಅವರ ಮನೆತನದ ಕಸುಬು ಚರ್ಮದ ವ್ಯಾಪಾರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಜಪಾನಿನಲ್ಲೂ ಸತ್ತ ದನದ ಚರ್ಮ ಸುಲಿಯುವವರನ್ನು, ಹದ ಮಾಡುವವರನ್ನು ಮೈಲಿಗೆಯವರೆಂದು ಊರ ಹೊರಗೆ ಇಟ್ಟಿದ್ದರು. ಅವರು ಹದ ಮಾಡಿದ ಚರ್ಮ ಸಮುರಾಯಿಗಳ ಕವಚವಾಗಿ ಮೈಮೇಲೆ ಕೂರುವಾಗ ಮೈಲಿಗೆ ಇಲ್ಲ. ಅದನ್ನು ಮಾರುವ ವ್ಯಾಪಾರಿ ಶ್ರೀಮಂತ, ಸುಲಿದವನು ಮಾತ್ರ ಅಸ್ಪೃಶ್ಯ. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರಿಕ್ಯು ಚಹಾದ ಜೊತೆಗೆ ಝೆನ್ ಸಾಧನೆಯನ್ನೂ ಮಾಡಿದರು. ಸಕಾಯಿಯ ವಿಹಾರದಲ್ಲಿ, ಮುಂದೆ ಕ್ಯೋಟೊ ನಗರದ ದೈತೊಕುಜಿ ವಿಹಾರದಲ್ಲಿ ಗುರುಗಳ ಬಳಿ ಕೂತರು. ಸೋಎಕಿ ಎಂಬ ಧಮ್ಮದ ಹೆಸರು ಬಂತು. ಚೀವರ ತೊಡಲಿಲ್ಲ, ಹೆಂಡತಿ ಮಕ್ಕಳ ಜೊತೆ, ವ್ಯಾಪಾರದ ಜೊತೆ ಉಪಾಸಕರಾಗಿಯೇ ಇದ್ದರು. ಗುರು ಜೋ-ಒ 1555ರಲ್ಲಿ ತೀರಿಕೊಂಡ ಮೇಲೆ ಸಕಾಯಿಯ ಚಹಾ ಬಲ್ಲವರಲ್ಲಿ ರಿಕ್ಯು ಅವರ ಹೆಸರು ಮುಂದೆ ಬಂತು.

ಅವರು ಮಾಡಿದ್ದೇನು? ಒಂದೇ ಮಾತಿನಲ್ಲಿ ಹೇಳಿದರೆ, ಕೋಣೆಯನ್ನು ಚಿಕ್ಕದು ಮಾಡಿದರು, ಬಾಗಿಲನ್ನು ಇನ್ನೂ ಚಿಕ್ಕದು ಮಾಡಿದರು. ಅವರು 1582ರ ಸುಮಾರಿಗೆ ಕಟ್ಟಿಸಿದ್ದೆಂದು ಹೇಳುವ ತಾಯ್-ಆನ್ ಎಂಬ ಚಹಾ ಕೋಣೆ ಕ್ಯೋಟೊ ಬಳಿಯ ಯಮಾಜಾಕಿಯಲ್ಲಿ ಇಂದಿಗೂ ಇದೆ. ಅತಿಥಿಗಳು ಕೂರುವ ಜಾಗ ಎರಡೇ ಚಾಪೆಯಷ್ಟು, ಹೆಚ್ಚುಕಡಿಮೆ ಆರಡಿಗೆ ಆರಡಿ. ಮಣ್ಣಿನ ಗೋಡೆ. ಬಾಗಿಲು ಎರಡೂವರೆ ಅಡಿಯಷ್ಟೇ ಎತ್ತರ. ಯಾರೇ ಬರಲಿ, ಮಂಡಿಯೂರಿ ತಲೆ ತಗ್ಗಿಸಿ ತೆವಳಿಕೊಂಡೇ ಒಳಗೆ ಬರಬೇಕು. ಸೊಂಟದಲ್ಲಿ ಉದ್ದ ಕತ್ತಿ ಇದ್ದರೆ ಒಳಗೆ ಬರುವಂತೆಯೇ ಇಲ್ಲ. ಅದನ್ನು ಹೊರಗಿನ ಗೂಟಕ್ಕೆ ಇಟ್ಟು ಬರಬೇಕು. ಕತ್ತಿಯೇ ಸಮುರಾಯಿಯ ಜಾತಿ ಚೀಟಿ. ಅದು ಹೊರಗೆ ಉಳಿದ ಮೇಲೆ ಒಳಗೆ ಕೂತವರು ಬರಿಯ ಅತಿಥಿಗಳು.

ಕೋಣೆಗೆ ಬರುವ ಮುಂಚೆ ತೋಟದ ಕಾಲುದಾರಿ. ದಾರಿಯಲ್ಲಿ ನೆಲಮಟ್ಟದಲ್ಲೇ ಒಂದು ಕಲ್ಲಿನ ದೋಣಿ, ಅದರ ತುಂಬ ನೀರು. ಬಂದವರೆಲ್ಲ ಬಗ್ಗಿ ಅದೇ ನೀರಿನಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸಬೇಕು. ದೊರೆಗೆ ಬೇರೆ ಕೊಡ, ವ್ಯಾಪಾರಿಗೆ ಬೇರೆ ಕೊಡ ಇಲ್ಲ. ಚೌದಾರ್ ಕೆರೆಯ ನೀರಿಗಾಗಿ 1927ರ ಮಾರ್ಚ್ 20ರಂದು ಬಾಬಾಸಾಹೇಬರ ಹಿಂದೆ ನಡೆದುಹೋದ ಜನರ ಮೊಮ್ಮಕ್ಕಳು ನಾವು. ಆ ಕಲ್ಲಿನ ದೋಣಿಯ ಚಿತ್ರ ನೋಡಿದಾಗ ನಮಗೆ ಮೊದಲು ಕಾಣುವುದು ತೋಟದ ಸೊಬಗಲ್ಲ.

ಒಳಗೆ ನಡೆಯುವ ಕೆಲಸವೂ ಸರಳ. ಇದ್ದಲಿನ ಒಲೆ, ಮೇಲೆ ಕಬ್ಬಿಣದ ಕೆಟಲು. ಮನೆಯ ಯಜಮಾನನೇ ಚಹಾ ಮಾಡಬೇಕು, ಆಳುಗಳಿಂದ ಮಾಡಿಸುವಂತಿಲ್ಲ. ಮೊದಲು ಬಿಸಿನೀರು ಹಾಕಿ ಬಟ್ಟಲನ್ನು ಬೆಚ್ಚಗೆ ಮಾಡಿ ಆ ನೀರು ಚೆಲ್ಲಿ ಒರೆಸುವುದು. ಬಿದಿರಿನ ಸಣ್ಣ ಚಮಚೆಯಲ್ಲಿ ಪುಡಿ ಹಾಕುವುದು. ಬಿದಿರಿನ ಸೌಟಿನಲ್ಲಿ ನೀರು ಹಾಕುವುದು. ಆಮೇಲೆ ಚಾಸೆನ್ ಎಂಬ ಬಿದಿರಿನ ಕಡೆಗೋಲಿನಿಂದ ಕಡೆಯುವುದು. ಮಜ್ಜಿಗೆ ಕಡೆಗೋಲನ್ನು ಅಂಗೈ ಉದ್ದಕ್ಕೆ ಕುಗ್ಗಿಸಿ, ತುದಿಯನ್ನು ನೂರು ಎಳೆಯಾಗಿ ಸೀಳಿದಂತೆ ಇರುತ್ತದೆ ಅದು. ಒಂದೇ ಬಿದಿರಿನ ತುಂಡನ್ನು ಸೀಳಿ ಸೀಳಿ ಮಾಡುತ್ತಾರೆ.

ಚಹಾದಲ್ಲಿ ಎರಡು ಹದ. ತೆಳು ಚಹಾಕ್ಕೆ ಒಬ್ಬರಿಗೆ ಸುಮಾರು 2 ಗ್ರಾಂ ಪುಡಿ, 60ರಿಂದ 70 ಮಿಲಿಲೀಟರ್ ನೀರು. ಮಣಿಕಟ್ಟನ್ನು ಸಡಿಲ ಬಿಟ್ಟು ಹಿಂದೆ ಮುಂದೆ ಬೇಗ ಬೇಗ ಕಡೆದರೆ ಹಸಿರು ನೊರೆ ಏಳುತ್ತದೆ. ಗಟ್ಟಿ ಚಹಾಕ್ಕೆ ಪುಡಿ ಅದರ ಎರಡರಷ್ಟು, ನೀರು ಕಡಿಮೆ. ಕಡೆಯುವುದಲ್ಲ, ನಿಧಾನವಾಗಿ ಕಲಸುವುದು. ಅಂಬಲಿಯ ಹದಕ್ಕೆ ಬರುತ್ತದೆ. ಈ ಗಟ್ಟಿ ಚಹಾವನ್ನು ಕೂತವರೆಲ್ಲರಿಗೂ ಸೇರಿಸಿ ಒಂದೇ ಬಟ್ಟಲಿನಲ್ಲಿ ಮಾಡುತ್ತಾರೆ. ಮೊದಲ ಅತಿಥಿ ಮೂರು ನಾಲ್ಕು ಗುಟುಕು ಕುಡಿದು, ಅಂಚನ್ನು ಒರೆಸಿ, ಪಕ್ಕದವರಿಗೆ ಕೊಡುತ್ತಾನೆ. ಅವರು ಕುಡಿದು ಮುಂದಿನವರಿಗೆ. ಹೀಗೆ ಒಂದೇ ಬಟ್ಟಲು ಕೈಯಿಂದ ಕೈಗೆ ಹೋಗುವ ರೂಢಿ ನೆಲೆಯಾದದ್ದು ರಿಕ್ಯು ಅವರ ಕಾಲದಲ್ಲಿ.

ನಮ್ಮ ಅಪ್ಪಂದಿರು ಹಳ್ಳಿ ಹೋಟೆಲಿನ ಹೊರಗೆ ನಿಂತು, ಬೇರೆ ಇಟ್ಟಿದ್ದ ಲೋಟದಲ್ಲೋ ತೆಂಗಿನ ಚಿಪ್ಪಿನಲ್ಲೋ ಮೇಲಿಂದ ಹುಯ್ಯಿಸಿಕೊಂಡು ಚಹಾ ಕುಡಿದು, ಆ ಲೋಟವನ್ನು ತಾವೇ ತೊಳೆದಿಟ್ಟು ಬಂದವರು. ಎಂಜಲು ಎಂಬ ಒಂದು ಪದ ಎಷ್ಟು ಜನರ ಬದುಕು ತಿಂದಿದೆ ಎಂದು ನಮಗೆ ಗೊತ್ತು. ಆದ್ದರಿಂದ ಈ ಬಟ್ಟಲಿನ ವಿಷಯವನ್ನು ಇಷ್ಟು ಬಿಡಿಸಿ ಬರೆದೆ. ಜಪಾನಿನ ಚಹಾ ಕುರಿತ ಪುಸ್ತಕಗಳು ಸೌಂದರ್ಯ, ಮೌನ, ಋತು ಎಂದೆಲ್ಲ ವಿವರಿಸುತ್ತವೆ. ಬಟ್ಟಲು ಪಕ್ಕದವನ ಕೈಗೆ ಹೋಗುವುದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ.

ಬಟ್ಟಲೂ ಹೊಸದೇ. ಚೀನಾದ ಹೊಳೆಯುವ ಬಟ್ಟಲಿನ ಬದಲಿಗೆ ರಿಕ್ಯು ಚೋಜಿರೊ ಎಂಬ ಕುಶಲಕರ್ಮಿಯಿಂದ ಬಟ್ಟಲು ಮಾಡಿಸಿದರು. ಚೋಜಿರೊ ಹೆಂಚು ಮಾಡುತ್ತಿದ್ದವನು. ತಿಗರಿಯ ಮೇಲೆ ತಿರುಗಿಸದೆ, ಮಣ್ಣನ್ನು ಕೈಯಲ್ಲೇ ತಟ್ಟಿ ಆಕಾರ ಕೊಟ್ಟು ಕಪ್ಪು, ಕೆಂಪು ಬಟ್ಟಲುಗಳನ್ನು ಮಾಡಿದ. ಅವೇ ಮುಂದೆ ರಾಕು ಬಟ್ಟಲು ಎಂದು ಹೆಸರಾದವು. ದಪ್ಪ ಅಂಚು, ಅಂಕುಡೊಂಕು, ಎರಡು ಕೈಯಲ್ಲಿ ಹಿಡಿದರೆ ಬೆಚ್ಚಗೆ ಕೂರುತ್ತದೆ. ಹೂದಾನಿಗೆ ರಿಕ್ಯು ಬಿದಿರನ್ನೇ ಕತ್ತರಿಸಿದರು. ಹಾಗೆ ಅವರು ಕತ್ತರಿಸಿದ ಒಂದು ಹೂದಾನಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆ. ಅದನ್ನು ಹಾಗೆಯೇ ಬಳಸಿದರು.

ಇಷ್ಟು ಹೇಳಿ ರಿಕ್ಯು ಅವರನ್ನು ಸಂತರ ಸಾಲಿಗೆ ಸೇರಿಸಿಬಿಡುವುದು ಸುಲಭ. ಆದರೆ ಅವರು ಬದುಕಿದ್ದು ಅಧಿಕಾರದ ಮಗ್ಗುಲಲ್ಲೇ. ಒಡಾ ನೊಬುನಾಗಾ ಎಂಬ ಯುದ್ಧವೀರ 1568ರಲ್ಲಿ ಸಕಾಯಿಯಿಂದ ಭಾರಿ ಕಪ್ಪ ಕೇಳಿದ. ಪಟ್ಟಣ ಮಣಿಯಿತು. ಅದರ ಬೆನ್ನಲ್ಲೇ ಹೆಸರಾಂತ ಚಹಾ ಪಾತ್ರೆಗಳನ್ನು ತನಗೆ ಒಪ್ಪಿಸುವಂತೆ ಮಾಡಿಕೊಂಡ. ಗೆದ್ದ ಸರದಾರರಿಗೆ ಭೂಮಿಯ ಬದಲು ಬಟ್ಟಲು, ಭರಣಿ ಬಹುಮಾನ ಕೊಟ್ಟ. ರಿಕ್ಯು ಅವನ ಮೂವರು ಚಹಾ ಗುರುಗಳಲ್ಲಿ ಒಬ್ಬರಾದರು. 1582ರಲ್ಲಿ ನೊಬುನಾಗಾ ತನ್ನ ಸರದಾರನೊಬ್ಬನ ದ್ರೋಹಕ್ಕೆ ಬಲಿಯಾದ ಮೇಲೆ ಅಧಿಕಾರ ಟೊಯೊಟೊಮಿ ಹಿದೆಯೋಶಿಯ ಕೈಗೆ ಬಂತು. ರಿಕ್ಯು ಅವನ ಬಳಿ ಉಳಿದರು. ಗುರುವಷ್ಟೇ ಅಲ್ಲ, ಒಳಗಿನ ಆಲೋಚನೆಗಳಿಗೆ ಕಿವಿಯೂ ಆದರು. ಸರದಾರರು ದೊರೆಯನ್ನು ಕಾಣುವ ಮುಂಚೆ ರಿಕ್ಯು ಅವರನ್ನು ಕಾಣುವಷ್ಟು ಪ್ರಭಾವ ಬೆಳೆಯಿತು.

ಹಿದೆಯೋಶಿ ದೊಡ್ಡ ಮನೆತನದವನಲ್ಲ. ಹಳ್ಳಿಯ ರೈತಾಪಿ ಕುಟುಂಬದಲ್ಲಿ ಹುಟ್ಟಿ, ಕಾಲಾಳಾಗಿ ಸೇರಿ, ಇಡೀ ಜಪಾನನ್ನು ಹಿಡಿದವನು. ಇಂಥವನು ಅಂತಸ್ತಿನ ಗೋಡೆ ಒಡೆಯಬಹುದಿತ್ತು ಎಂದು ನಮಗೆ ಅನ್ನಿಸುತ್ತದೆ. ಅವನು ಮಾಡಿದ್ದು ಏರಿದ ಏಣಿಯನ್ನು ಒದೆಯುವ ಕೆಲಸ. 1588ರಲ್ಲಿ ರೈತರಿಂದ ಕತ್ತಿ ಬಂದೂಕುಗಳನ್ನೆಲ್ಲ ಕಿತ್ತುಕೊಂಡ. ಅದರ ಮುಂದಿನ ಆಜ್ಞೆಯ ವಿಷಯ ಆಮೇಲೆ ಹೇಳುತ್ತೇನೆ.

1585ರಲ್ಲಿ ಹಿದೆಯೋಶಿ ಚಕ್ರವರ್ತಿಯ ಅರಮನೆಯಲ್ಲಿ ಚಹಾ ಕೂಟ ಏರ್ಪಡಿಸಿದ. ಚಹಾ ಮಾಡಲು ರಿಕ್ಯು ಬೇಕು. ಆದರೆ ಪದವಿ ಇಲ್ಲದ ವ್ಯಾಪಾರಿ ಅರಮನೆಯ ಹೊಸ್ತಿಲು ತುಳಿಯುವಂತಿಲ್ಲ. ಆಗ ಚಕ್ರವರ್ತಿಯಿಂದ ರಿಕ್ಯು ಕೊಜಿ ಎಂಬ ಹೆಸರು ಕೊಡಿಸಿದರು. ಕೊಜಿ ಎಂದರೆ ಗೃಹಸ್ಥ ಬೌದ್ಧ, ನಮ್ಮ ಮಾತಿನಲ್ಲಿ ಉಪಾಸಕ. ಇಲ್ಲಿಯವರೆಗೆ ನಾನು ರಿಕ್ಯು ರಿಕ್ಯು ಎಂದು ಬರೆದ ಹೆಸರು ಅವರಿಗೆ ಬಂದದ್ದೇ ಅರವತ್ತು ದಾಟಿದ ಮೇಲೆ. ಹುಟ್ಟಿನ ಹೆಸರಿಗೆ ತೆರೆಯದ ಬಾಗಿಲು ಧಮ್ಮದ ಹೆಸರಿಗೆ ತೆರೆಯಿತು. 1956ರ ಅಕ್ಟೋಬರಿನ ನಂತರ ಹೆಸರು ಬದಲಿಸಿಕೊಂಡ ಮನೆಗಳಲ್ಲಿ ಬೆಳೆದ ನಮಗೆ ಇದರಲ್ಲಿರುವ ಸಂತೋಷವೂ ಗೊತ್ತು, ಕಹಿಯೂ ಗೊತ್ತು. ಬಾಗಿಲು ತೆರೆದದ್ದು ಒಬ್ಬರಿಗೆ ಮಾತ್ರ. ಅದರ ನಿಯಮ ಬದಲಾಗಲಿಲ್ಲ.

ಮರುವರ್ಷ ಹಿದೆಯೋಶಿ ಅದೇ ಅರಮನೆಗೆ ಚಿನ್ನದ ಚಹಾ ಕೋಣೆ ತಂದ. ಗೋಡೆ, ಕಂಬ, ಪಾತ್ರೆ ಎಲ್ಲಕ್ಕೂ ಚಿನ್ನ. ಬಿಚ್ಚಿ ಸಾಗಿಸಿ ಮತ್ತೆ ಜೋಡಿಸುವಂಥದ್ದು. ಮಣ್ಣಿನ ಗೋಡೆಯ ಎರಡು ಚಾಪೆಯ ಕೋಣೆ ಕಟ್ಟಿದವರು ಅದರೊಳಗೆ ಯಾವ ಮನಸ್ಸಿನಿಂದ ಇದ್ದರೋ.

1587ರ ಹತ್ತನೆಯ ತಿಂಗಳ ಮೊದಲ ದಿನ ಕ್ಯೋಟೊದ ಕಿತಾನೊ ಎಂಬಲ್ಲಿ ನಡೆದ ಮಹಾ ಚಹಾ ಕೂಟ ಇನ್ನೂ ವಿಚಿತ್ರ. ಹಿದೆಯೋಶಿ ಊರೂರಿಗೆ ಡಂಗುರ ಸಾರಿಸಿದ. ಸಮುರಾಯಿಯ ಆಳಾಗಲಿ, ಪೇಟೆಯವರಾಗಲಿ, ರೈತರಾಗಲಿ, ಚಹಾದಲ್ಲಿ ಆಸೆ ಇದ್ದವರು ಯಾರು ಬೇಕಾದರೂ ಬರಬಹುದು. ಒಂದು ಕೆಟಲು, ಒಂದು ನೀರಿನ ಪಾತ್ರೆ, ಒಂದು ಬಟ್ಟಲು ತಂದರೆ ಸಾಕು. ಚಹಾಪುಡಿ ಇಲ್ಲದವರು ಹುರಿದ ಧಾನ್ಯದ ಹಿಟ್ಟು ತಂದರೂ ಆದೀತು. ಪೈನ್ ಮರಗಳ ಕೆಳಗೆ ಎಂಟುನೂರಕ್ಕೂ ಹೆಚ್ಚು ಚಹಾ ಚಪ್ಪರಗಳು ಎದ್ದವು. ದೊರೆ, ರಿಕ್ಯು ಮತ್ತು ಇನ್ನಿಬ್ಬರು ಗುರುಗಳು ತಮ್ಮ ಕೈಯಾರೆ ಚಹಾ ಮಾಡಿದರು. ಯಾರ ಕೈಯ ಚಹಾ ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಓದುವಾಗ ಮನಸ್ಸು ಅರಳುತ್ತದೆ. ಆದರೆ ಅದೇ ಡಂಗುರದ ಇನ್ನೊಂದು ಮಾತು, ಬಾರದೆ ಉಳಿದವರು ಇನ್ನು ಮುಂದೆ ಹಿಟ್ಟಿನ ನೀರನ್ನೂ ಕಲಸಿ ಕುಡಿಯಕೂಡದು ಎಂಬುದು. ಹತ್ತು ದಿನ ಎಂದು ಸಾರಿದ ಕೂಟವನ್ನು ಒಂದೇ ದಿನಕ್ಕೆ ಮುಗಿಸಿಬಿಟ್ಟ. ದೊರೆ ಕೊಟ್ಟ ಸಮಾನತೆಯ ಆಯುಸ್ಸು ಒಂದು ದಿನ.

ಇಬ್ಬರ ನಡುವೆ ಯಾವಾಗ ಒಡಕು ಬಂತು ಎಂದು ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. 1590ರಲ್ಲಿ ರಿಕ್ಯು ಅವರ ಶಿಷ್ಯ ಯಮಾನೊಉಎ ಸೋಜಿಯನ್ನು ಹಿದೆಯೋಶಿ ಕೊಲ್ಲಿಸಿದ. 1591ರ ಆರಂಭದಲ್ಲಿ ದೊರೆಯ ತಮ್ಮ, ರಿಕ್ಯು ಅವರಿಗೆ ಬೆಂಬಲವಾಗಿದ್ದ ಹಿದೆನಾಗಾ, ತೀರಿಕೊಂಡ. ಆಮೇಲೆ ಆಪಾದನೆ ಬಂತು. ದೈತೊಕುಜಿ ವಿಹಾರದ ಹೆಬ್ಬಾಗಿಲಿಗೆ ರಿಕ್ಯು ತಮ್ಮ ಖರ್ಚಿನಲ್ಲಿ ಮೇಲಂತಸ್ತು ಕಟ್ಟಿಸಿಕೊಟ್ಟಿದ್ದರು. ವಿಹಾರದವರು ಕೃತಜ್ಞತೆಗೆ ಅಲ್ಲಿ ರಿಕ್ಯು ಅವರ ಮರದ ಪ್ರತಿಮೆ ಇಟ್ಟಿದ್ದರು, ಕಾಲಲ್ಲಿ ಚಪ್ಪಲಿ ಸಮೇತ. ಆ ಬಾಗಿಲ ಕೆಳಗೆ ದೊರೆ ನಡೆದುಹೋಗಬೇಕು, ಚಕ್ರವರ್ತಿಯ ದೂತರು ನಡೆದುಹೋಗಬೇಕು. ಒಬ್ಬ ವ್ಯಾಪಾರಿಯ ಚಪ್ಪಲಿಗಾಲಿನ ಕೆಳಗೆ! ಚಹಾ ಪಾತ್ರೆಗಳನ್ನು ಅನ್ಯಾಯದ ಬೆಲೆಗೆ ಮಾರಿದರೆಂಬ ಇನ್ನೊಂದು ದೂರೂ ಸೇರಿತು. ಎರಡನೆಯದರಲ್ಲಿ ಎಷ್ಟು ಸತ್ಯವಿತ್ತೋ ತೀರ್ಪು ಕೊಡಲು ನಾನು ಹೋಗುವುದಿಲ್ಲ. ಚಪ್ಪಲಿಯ ವಿಷಯ ಮಾತ್ರ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಮೇಲಿನ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮನೆಯವರು ನಾವು.

ಮೊದಲು ರಿಕ್ಯು ಅವರನ್ನು ಸಕಾಯಿಗೆ ಗಡಿಪಾರು ಮಾಡಿದರು. ನಿನ್ನೆಯವರೆಗೆ ಬಾಗಿಲಲ್ಲಿ ಕಾದಿದ್ದ ಸರದಾರರಲ್ಲಿ ದೋಣಿಗಟ್ಟೆಗೆ ಬಂದು ಬೀಳ್ಕೊಟ್ಟವರು ಇಬ್ಬರೇ, ಫುರುತ ಒರಿಬೆ ಮತ್ತು ಹೊಸೊಕಾವ ಸನ್ಸಾಯ್. ಪ್ರತಿಮೆಯನ್ನು ಇಳಿಸಿ ಕ್ಯೋಟೊದ ಒಂದು ಸೇತುವೆಯ ಬಳಿ ಕಂಬಕ್ಕೆ ಕಟ್ಟಿದರು. ಆಮೇಲೆ ರಿಕ್ಯು ಅವರನ್ನು ಮತ್ತೆ ಕ್ಯೋಟೊಗೆ ಕರೆಸಿ, ಮನೆಗೆ ಸೈನಿಕರ ಕಾವಲು ಹಾಕಿ, ತಮ್ಮ ಕೈಯಿಂದಲೇ ಪ್ರಾಣ ತೆಗೆದುಕೊಳ್ಳುವಂತೆ ಆಜ್ಞೆ ಮಾಡಿದರು. 1591ರ ಏಪ್ರಿಲ್ 21ರಂದು ಅವರು ತೀರಿಕೊಂಡರು. ಜಪಾನಿನ ಲೆಕ್ಕದಲ್ಲಿ ಎಪ್ಪತ್ತು ವರ್ಷ. ಈ ಸಾವನ್ನು ವೀರಮರಣವೆಂದು ಕೊಂಡಾಡುವವರಿದ್ದಾರೆ. ನನಗೆ ಅದು ರಾಜಾಜ್ಞೆಯ ಕೊಲೆ ಎಂದೇ ಕಾಣುತ್ತದೆ. ಕೊನೆಯ ದಿನಗಳಲ್ಲಿ ಅವರು ತಮ್ಮ ಕೈಯಾರೆ ಕೆತ್ತಿದ ಬಿದಿರಿನ ಚಮಚೆಯೊಂದು ಶಿಷ್ಯ ಒರಿಬೆಗೆ ಸೇರಿತು. ಕಣ್ಣೀರು ಎಂದು ಅದಕ್ಕೆ ಹೆಸರು. ಈಗ ನಗೊಯಾದ ವಸ್ತುಸಂಗ್ರಹಾಲಯದಲ್ಲಿದೆ.

ಅದೇ 1591ರಲ್ಲಿ, ರಿಕ್ಯು ತೀರಿಕೊಂಡ ಕೆಲವೇ ತಿಂಗಳಿಗೆ, ಹಿದೆಯೋಶಿಯ ಮುಂದಿನ ಆಜ್ಞೆ ಬಂತು. ಸಮುರಾಯಿಯ ಆಳು ಪೇಟೆಯವನೋ ರೈತನೋ ಆಗಕೂಡದು, ರೈತ ಹೊಲ ಬಿಟ್ಟು ವ್ಯಾಪಾರಕ್ಕೆ ಇಳಿಯಕೂಡದು. ಮುಂದಿನ ಶೋಗನ್‌ಗಳ ಕಾಲದಲ್ಲಿ ಇದು ಹುಟ್ಟಿನಿಂದ ಬರುವ ಕಟ್ಟುನಿಟ್ಟಿನ ಅಂತಸ್ತಾಗಿ ಗಟ್ಟಿಯಾಯಿತು. ಎಲ್ಲಕ್ಕಿಂತ ಕೆಳಗೆ, ಲೆಕ್ಕದ ಹೊರಗೆ, ಚರ್ಮದ ಕೆಲಸದವರು ಮತ್ತು ಇನ್ನಿತರ ಅಸ್ಪೃಶ್ಯರು. ಜಪಾನಿನ ಪಶ್ಚಿಮ ಪ್ರಾಂತ್ಯಗಳಲ್ಲಿ ಇಂಥ ಒಂದು ಸಮುದಾಯದ ಹೆಸರೇ ಚಾಸೆನ್. ಹೌದು, ಚಹಾ ಕಡೆಯುವ ಕಡೆಗೋಲಿನ ಹೆಸರೇ. ಬಿದಿರು ಸೀಳಿ ಕಡೆಗೋಲು ಮಾಡಿ ಮನೆ ಮನೆಗೆ ಮಾರುತ್ತಿದ್ದ ಜನ. ಅವರು ಮಾಡಿದ ಕಡೆಗೋಲು ಬಟ್ಟಲಿನೊಳಗೆ ಇಳಿಯುತ್ತಿತ್ತು, ಅವರು ಮಾತ್ರ ಊರಿನವರ ಜೊತೆ ಬೆರೆಯುವಂತಿರಲಿಲ್ಲ. ಝೆನ್ ವಿಹಾರಗಳೂ ಸೇರಿದಂತೆ ಜಪಾನಿನ ಬೌದ್ಧ ವಿಹಾರಗಳು ಅಸ್ಪೃಶ್ಯರು ಸತ್ತಾಗ ಅವರ ಗೋರಿಕಲ್ಲಿನ ಮೇಲೆ ಕೀಳು ಅರ್ಥದ ಹೆಸರು ಕೆತ್ತಿಸಿದ ಉದಾಹರಣೆಗಳೂ ಇವೆ. ಬುದ್ಧರ ಹೆಸರು ಹೇಳುವ ಎಲ್ಲ ಕಡೆಯೂ ಬುದ್ಧರ ಮಾತು ನಡೆದಿಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ.

ರಿಕ್ಯು ಅವರ ಸಣ್ಣ ಬಾಗಿಲು ಅಲ್ಲಿಯವರೆಗೂ ತೆರೆಯಲಿಲ್ಲ. ಕರೆದವರಿಗೆ ಮಾತ್ರ ಆ ಬಾಗಿಲು, ಮತ್ತು ಕರೆ ಹೋಗುತ್ತಿದ್ದ ಮನೆಗಳು ಯಾವುವೆಂದು ಊಹಿಸಬಹುದು. ಕಾನೂನಿನಲ್ಲಿ ಆ ಜನರ ಬಿಡುಗಡೆಯಾದದ್ದು 1871ರಲ್ಲಿ. ಕಾನೂನು ಬಂದರೂ ಜನ ಬದಲಾಗದ್ದನ್ನು ಕಂಡು ಅವರು ತಾವೇ ಸಂಘಟಿತರಾಗಿ ಸುಯ್‌ಹೈಶಾ ಎಂಬ ಸಂಸ್ಥೆ ಕಟ್ಟಿದರು. ಅದು 1922ರ ಮಾರ್ಚ್ 3ರಂದು ಇದೇ ಕ್ಯೋಟೊ ನಗರದಲ್ಲಿ, ಮಹಾಡಿಗೆ ಐದು ವರ್ಷ ಮೊದಲು. ಅದರ ಕಥೆ ಇನ್ನೊಂದು ದಿನಕ್ಕೆ.

ರಿಕ್ಯು ಅವರ ಮೊಮ್ಮಗ ಸೋತಾನ್ ಬಡತನದಲ್ಲೂ ಚಹಾ ಬಿಡಲಿಲ್ಲ. ಸೋತಾನನ ಮಕ್ಕಳಿಂದ ಬಂದ ಒಮೊತೆಸೆಂಕೆ, ಉರಾಸೆಂಕೆ, ಮುಶಾಕೋಜಿಸೆಂಕೆ ಎಂಬ ಮೂರು ಮನೆತನಗಳು ಇಂದಿಗೂ ಕ್ಯೋಟೊದಲ್ಲಿ ಚಹಾ ಕಲಿಸುತ್ತವೆ.

ಈಗ ಪುಡಿ ಕೊಳ್ಳುವ ವಿಷಯ. ಒಳ್ಳೆಯ ಮಾಚಾ ಆಗುವ ತೋಟಕ್ಕೆ, ಕೊಯ್ಲಿಗೆ ಮೂರು ವಾರಕ್ಕೂ ಮುಂಚೆ ಚಪ್ಪರ ಹಾಕಿ ನೆರಳು ಮಾಡುತ್ತಾರೆ. ಕ್ಯೋಟೊ ಬಳಿಯ ಉಜಿ ಈ ಕೆಲಸಕ್ಕೆ ಹಳೆಯ ಹೆಸರು. ನೆರಳಿನಲ್ಲಿ ಎಲೆಯ ಹಸಿರು ಹೆಚ್ಚುತ್ತದೆ, ಒಗರು ತಗ್ಗುತ್ತದೆ. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ಕಡ್ಡಿ ತೆಗೆದು, ನಮ್ಮ ಬೀಸುಕಲ್ಲಿನಂಥ ಕಲ್ಲಿನಲ್ಲೇ ಬೀಸುತ್ತಾರೆ. ಬೇಗ ತಿರುಗಿಸಿದರೆ ಕಲ್ಲು ಕಾದು ಪುಡಿ ಕೆಡುತ್ತದೆ, ಆದ್ದರಿಂದ ಒಂದು ಗಂಟೆಗೆ 40 ಗ್ರಾಂ ಬಂದರೆ ಹೆಚ್ಚು. ಬೆಲೆಗೆ ಇದೇ ಕಾರಣ. ಅಂಗಡಿಯ ಸಾಮಾನ್ಯ ಗ್ರೀನ್ ಟೀ ಚೀಲವನ್ನು ಮಿಕ್ಸಿಗೆ ಹಾಕಿದರೆ ಇದು ಆಗುವುದಿಲ್ಲ. ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಚಹಾ ಒಂದೇ ಇರಬೇಕು. ಸಕ್ಕರೆ, ಹಾಲಿನ ಪುಡಿ ಇದ್ದರೆ ಬಿಡಿ. ಬಣ್ಣ ಎಳೆ ಬಾಳೆಎಲೆಯಂತೆ ಇರಬೇಕು, ಹಳದಿಗೆ ತಿರುಗಿದ್ದರೆ ಹಳೆಯದು. ಸೆರೆಮೋನಿಯಲ್ ಗ್ರೇಡ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಮರುಳಾಗಬೇಡಿ, ಜಪಾನ್ ಸರ್ಕಾರ ಅಂಥ ದರ್ಜೆ ಯಾವುದನ್ನೂ ಗೊತ್ತು ಮಾಡಿಲ್ಲ. ದೊಡ್ಡ ಡಬ್ಬಿ ಬೇಡ. ತೆರೆದ ಮೇಲೆ ಗಾಳಿ ಬೆಳಕು ತಾಗದಂತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಕೆಲವೇ ವಾರದಲ್ಲಿ ಮುಗಿಸಬೇಕು.

ಬಿದಿರಿನ ಕಡೆಗೋಲು ಇಲ್ಲದಿದ್ದರೂ ನಡೆಯುತ್ತದೆ. ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಮೊದಲು ಎರಡು ಚಮಚೆ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರು ಹಾಕಿ. ಕುದಿಯುವ ನೀರು ಹಾಕಿದರೆ ಕಹಿಯಾಗುತ್ತದೆ. ಕುದಿಸಿ ಇಳಿಸಿ ಕೆಲವು ನಿಮಿಷ ಬಿಟ್ಟು, 80 ಡಿಗ್ರಿಗೆ ಇಳಿದ ಮೇಲೆ ಹಾಕಿ. ಎಲೆಯನ್ನೇ ನುಂಗುವುದರಿಂದ ಕೆಫೀನ್ ಸಾಕಷ್ಟಿರುತ್ತದೆ, ರಾತ್ರಿ ಬೇಡ. ರಕ್ತಹೀನತೆ ಇರುವ ಅಕ್ಕತಂಗಿಯರು ಊಟದ ಜೊತೆ ಕುಡಿಯದೆ ಒಂದು ಗಂಟೆ ಅಂತರ ಇಡಿ, ಚಹಾ ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ.

ಮುಂದಿನ ಹುಣ್ಣಿಮೆಯ ಉಪೋಸಥ ಸಭೆಗೆ 30 ಗ್ರಾಮಿನ ಒಂದು ಡಬ್ಬಿ ತರಿಸುತ್ತಿದ್ದೇವೆ. ಒಂದು ಬಟ್ಟಲಿಗೆ 2 ಗ್ರಾಂ ಲೆಕ್ಕ ಹಿಡಿದರೆ 15 ಬಟ್ಟಲು ಆಗುತ್ತದೆ. ಬರುವವರು ಅದಕ್ಕಿಂತ ಹೆಚ್ಚಿರುತ್ತೀರಿ, ಆದ್ದರಿಂದ ಬಟ್ಟಲು ಕೈಯಿಂದ ಕೈಗೆ ಹೋಗಬೇಕಾಗುತ್ತದೆ. ನೆಗಡಿ ಕೆಮ್ಮು ಇದ್ದವರು ಮೊದಲೇ ಹೇಳಿ, ಅವರಿಗೆ ಬೇರೆ ಮಾಡಿಕೊಡೋಣ. ಅಗಲ ಬಾಯಿಯ ಮಣ್ಣಿನ ಬಟ್ಟಲು ಯಾರ ಮನೆಯಲ್ಲಾದರೂ ಇದ್ದರೆ ತನ್ನಿ.

ಜೈ ಭೀಮ್. ನಮೋ ಬುದ್ಧಾಯ.